ಹುಳುಮನೆಯಲ್ಲಿ ಜೀವನದ ಗುರಿ

ಸೋಮವಾರದೊಳಗೆ ಬದುಕಿಗೊಂದು ಗುರಿ ಕಂಡುಕೊಳ್ಳದಿದ್ದರೆ ಮೀಸೆ ಬೋಳಿಸುತ್ತೇನೆಂದು ಸತ್ತೇಗಾಲದ ಶಾಂತಮೂರ್ತಿ ಊಟಕ್ಕೆ ಕೂತಾಗಲೇ ಸಾರಿಬಿಟ್ಟ! ಕೊಳ್ಳೇಗಾಲದಲ್ಲಿ ಯಾರೋ ಕೋಟು ತೊಟ್ಟ ಮಹಾನುಭಾವರು ನಡೆಸಿದ ಶಿಬಿರದ ಫಲ ಅದು. ಬೆಳಿಗ್ಗೆ ನಿಶ್ಶಬ್ದವಾದ ಜಾಗದಲ್ಲಿ ಕಣ್ಣು ಮುಚ್ಚಿ ಕೂತು, ಹತ್ತು ವರ್ಷದಾಚೆ ನೀವೇನಾಗಿರುತ್ತೀರೋ ನೋಡಿ ಎಂದು ಅವರು ಹೇಳಿಕೊಟ್ಟಿದ್ದರು.

ಆದರೆ ಆ ಮನೆಯಲ್ಲಿ ನಿಶ್ಶಬ್ದ ಎಲ್ಲಿಂದ ಬರಬೇಕು? ತಾಯಿ ಪುಟ್ಟಮಲ್ಲಮ್ಮನ ಬಾಯಿಗೆ ಬೀಗವಿಲ್ಲ. ಉಳಿದದ್ದು ಹಿತ್ತಿಲ ಹುಳುಮನೆ. ಅಲ್ಲಿ ಹೆಂಡತಿ ದಿವ್ಯಳ ರೇಷ್ಮೆಹುಳುಗಳು ಪೊರೆ ಬಿಡುವ ನಾಲ್ಕನೇ ಜ್ವರವನ್ನೂ ದಾಟಿ, ಇವತ್ತೋ ನಾಳೆಯೋ ಗೂಡು ಕಟ್ಟುವವರಂತೆ ಬಕಬಕನೆ ಸೊಪ್ಪು ಮೇಯುತ್ತಿದ್ದವು. ಅವಳು ಒಬ್ಬಳೇ ನಿಂತು ತೆಗೆಯುತ್ತಿದ್ದ ಮೊದಲ ಬೆಳೆ ಅದು. ಸೊಸೆ ಕೈಯಲ್ಲಿ ಹುಳು ಉಳಿಯುವುದಿಲ್ಲವೆಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರಿಂದ, ದಿವ್ಯ ಹಟ ಹಿಡಿದು ಸಾಕಿದ್ದಳು.

ಮರುದಿನ ಬೆಳಿಗ್ಗೆ ಅವಳು ಸೊಪ್ಪಿಗೆಂದು ತೋಟಕ್ಕೆ ಹೋದದ್ದೇ ತಡ, ಶಾಂತಮೂರ್ತಿ ಒಳಹೊಕ್ಕು ಪದ್ಮಾಸನ ಹಾಕಿದ. ಸೊಳ್ಳೆಗಳು ಮುತ್ತಿದವು. ಬಾಗಿಲು ಕಿಟಕಿ ಮುಚ್ಚಿ, ಸೊಳ್ಳೆ ಬತ್ತಿ ಹಚ್ಚಿಟ್ಟು, ಮತ್ತೆ ಕಣ್ಣು ಮುಚ್ಚಿದ. ಮೊದಲು ಹುಳುಗಳು ಮೇಯುವ ಚರಚರ ಸದ್ದು ಕಾಡಿತು. ಆಮೇಲೆ, ಆಹಾ, ಅದೂ ಅಡಗಿತು! ಹಾರ, ಶಾಲು, ಮೈಸೂರು ಪೇಟ, ತುಂಬಿದ ಸಭೆ ಎಲ್ಲವೂ ಕಂಡವು. ಮನಸ್ಸು ಎಷ್ಟು ಬೇಗ ಹತೋಟಿಗೆ ಬಂತೆಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಬಾಗಿಲು ದಡಾರನೆ ತೆರೆಯಿತು. ದಿವ್ಯಳ ತಲೆಯ ಮೇಲಿನ ಸೊಪ್ಪಿನ ಹೊರೆ ಕೆಳಕ್ಕೆ ಜಾರಿತು.

“ಉಳ ಯಾಕ್ರಿ ಮೇಯ್ತಾ ಇಲ್ಲ? ಏನ್ ಅಚ್ಚಿದ್ದೀರಿ ಇಲ್ಲಿ?”

ಸೊಳ್ಳೆ ಬತ್ತಿಯ ಹೊಗೆ ರೇಷ್ಮೆಹುಳುವಿಗೆ ವಿಷವೆಂಬುದು ಆ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತು. ಗುರಿಯ ಭರದಲ್ಲಿ ಮರೆತ ಮಹಾಪುರುಷ ಇವನೊಬ್ಬನೇ! ಹುಳುಗಳು ತಲೆ ಎತ್ತಿ ಒದ್ದಾಡುತ್ತಿದ್ದವು. ಅವಳು ಬತ್ತಿಯನ್ನು ಹೊರಗೆಸೆದು ಕಿಟಕಿ ತೆರೆದಳು. ಇಬ್ಬರೂ ಹುಳುಗಳಿದ್ದ ಬಿದಿರು ತಟ್ಟೆಗಳನ್ನು ಹೊಂಗೆ ಮರದ ನೆರಳಿಗೆ ಹೊತ್ತು ಹೊಸ ಸೊಪ್ಪು ಹಾಕಿದರು. ಒಂದು ಹುಳುವೂ ಬಾಯಿ ಹಾಕಲಿಲ್ಲ. ಜಗಲಿಯಿಂದ ಇಣುಕಿದ ಪುಟ್ಟಮಲ್ಲಮ್ಮನಿಗೂ ಮಾತು ಹೊರಡಲಿಲ್ಲ. ದಿವ್ಯ ಬೈಯಲಿಲ್ಲ, ಅಳಲೂ ಇಲ್ಲ. ಒಂದೆರಡು ಬೈದುಬಿಡಬಾರದೇ ಎಂದು ಅವನು ಒಳಗೊಳಗೇ ಬೇಡಿಕೊಂಡ.

ಹೊತ್ತು ನೆತ್ತಿಗೇರಿತು. ಬತ್ತಿಯ ಪಕ್ಕದಲ್ಲಿದ್ದ ತಟ್ಟೆಯ ಹುಳುಗಳು ಸತ್ತೇ ಹೋದವು. ಕೊನೆಗೆ ಇನ್ನೊಂದು ತಟ್ಟೆಯಲ್ಲಿ ಸಣ್ಣಗೆ ಚರಚರ ಕೇಳಿಸಿತು. ಆಮೇಲೆ ಅದರ ಪಕ್ಕದ್ದರಲ್ಲಿ. ನೋಡುತ್ತಿದ್ದಂತೆ ಉಳಿದವೆಲ್ಲ ಮೇಯತೊಡಗಿದವು. ಶಾಂತಮೂರ್ತಿ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ದಿವ್ಯಾ, ನನ್ ಜೀವನದ ಗುರಿ ಈಗ ಗೊತ್ತಾಯ್ತು ಕಣೆ. ಈ ಉಳಗಳ್ನ ಕಾಪಾಡೋದೇ ನನ್ ಗುರಿ.”

ದಿವ್ಯ ಸೊಪ್ಪು ಹರಡುತ್ತಲೇ ಹೇಳಿದಳು: “ಅದು ನನ್ ಗುರಿ ಕಣ್ರಿ. ನೀವು ಬ್ಯಾರೆ ನೋಡ್ಕಳಿ, ಮನೆಯಿಂದ ವಸಿ ದೂರ್ದಲ್ಲಿ.”