ಕಚ್ಚಿದ್ದು ಯಾರು ಅಂತ ಕೇಳೋ ಹಾಗಿಲ್ಲ

ಈ ಕೆಲಸದಲ್ಲಿ ಬೆಚ್ಚಿಬೀಳೋದಕ್ಕೆ ಇನ್ನೇನೂ ಬಾಕಿ ಇಲ್ಲ ಅಂತ ನಾನು ಅಂದುಕೊಂಡ ವಾರದಲ್ಲೇ ಇನ್ನೊಂದು ಬಂದು ಕೂತಿರುತ್ತೆ.

ನಾನು ತುಮಕೂರಿನವಳು, ಮದುವೆಯಾಗಿ ಮೈಲಾಪೂರ್‌ಗೆ ಬಂದೆ. ಕೆಲಸ ಅಂಬತ್ತೂರಿನಲ್ಲಿ, ಮೆಡಿಕಲ್ ಕೋಡಿಂಗ್. ಅಮೆರಿಕದ ಡಾಕ್ಟರುಗಳು ಬರೆದಿಟ್ಟದ್ದನ್ನು ಓದಿ, ಯಾವ ಗಾಯ, ಹೇಗಾಯ್ತು ಅನ್ನೋದಕ್ಕೆ ಒಂದೊಂದು ನಂಬರ್ ಹಾಕಬೇಕು. ಅದನ್ನು ನೋಡಿ ಅಲ್ಲಿನ ಇನ್ಶೂರೆನ್ಸ್‌ನವರು ದುಡ್ಡು ಕೊಡ್ತಾರೆ. ನಮ್ಮ ಮಾವ ಬಟ್ಟೆ ಅಂಗಡಿ ನಡೆಸಿ ಮರ್ಯಾದೆಯಿಂದ ಬಾಳಿದವರು. ಕೆಲಸಕ್ಕೆ ಒಪ್ಪುವಾಗಲೇ ಹೇಳಿದ್ದರು, ಮರ್ಯಾದಸ್ಥ ಕೆಲಸ ಅಲ್ಲ ಅಂತ ಗೊತ್ತಾದ ದಿನವೇ ಬಿಟ್ಟುಬಿಡಬೇಕು ಅಂತ. ನನಗೋ ಕೆಲಸ ಅಂದ್ರೆ ಪ್ರಾಣ.

ಮೊದಲನೇ ಕಡಿತ

ಟ್ರೈನಿಂಗ್ ಮುಗಿದು ಮೊದಲ ಕೇಸು ತೆರೆದೆ. ಗಂಡಸು. ನಾಯಿ ಕಡಿತ. ಎಲ್ಲಿ ಅಂತ ಓದಿದವಳೇ ಪರದೆಗೆ ಕೈ ಅಡ್ಡ ಇಟ್ಟೆ. ನಾಯಿಗೆ ಕಾಲು ಸಿಗಲಿಲ್ವಾ, ಕೈ ಸಿಗಲಿಲ್ವಾ? ಹೊಸಬಳು ಅಂತ ಯಾರೋ ತಮಾಷೆ ಮಾಡ್ತಿದಾರೆ ಅಂದುಕೊಂಡು ಟೀಮ್ ಲೀಡರ್ ಹತ್ತಿರ ಓಡಿದೆ.

ಆಕೆ ತಿರುವೊಟ್ಟಿಯೂರಿನವರು, ಮೀನು ಸಾರು ಅನ್ನ ಊಟ ಮಾಡ್ತಿದ್ದರು. ಊಟ ನಿಲ್ಲಿಸದೆ, ಚರ್ಮ ಹರಿದಿದೆಯೋ ಇಲ್ಲ ಬರೀ ಹಲ್ಲಿನ ಗುರುತೋ ಅಂತ ಕೇಳಿದರು. ಎರಡಕ್ಕೂ ಬೇರೆ ಬೇರೆ ನಂಬರಂತೆ! ಕಚ್ಚಿದ ಪ್ರಾಣಿಗೂ ಬೇರೆ ನಂಬರು. ನಾಯಿ, ಬೆಕ್ಕು, ಹಂದಿ, ಕುದುರೆ, ಕೊನೆಗೆ ಗಿಳಿ. ಗಿಳಿ ಅಲ್ಲಿಗೆ ಹೇಗೆ ಹೋಗುತ್ತೆ ಮೇಡಂ ಅಂದೆ.

"ಗಿಳಿ ಹೋಗಲ್ಲಮ್ಮ," ಅಂದರು ಆಕೆ ಮುಳ್ಳು ತೆಗೆಯುತ್ತಾ. "ಇವರೇ ಗಿಳಿ ಹತ್ತಿರ ಹೋಗ್ತಾರೆ."

ಭಿನ್ನಾಭಿಪ್ರಾಯ

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಡಾಕ್ಟರು ಬರೆಯದೇ ಇದ್ದದ್ದನ್ನು ನಾವು ಊಹಿಸೋ ಹಾಗಿಲ್ಲ. ಅನುಮಾನ ಬಂದರೆ ಅವರನ್ನೇ ಬರೆದು ಕೇಳಬಹುದು, ಆದರೆ ಉತ್ತರವನ್ನು ನಾವೇ ಹೇಳಿಕೊಡೋ ಹಾಗಿಲ್ಲ.

ಒಂದು ಸಲ ಅದೇ ಜಾಗದ ಕಡಿತ ಬಂತು. ಕಚ್ಚಿದ್ದು ಏನು ಅಂತ ಡಾಕ್ಟರು ಬರೆದೇ ಇಲ್ಲ. ಹೆಂಡತಿ ಪಕ್ಕದಲ್ಲೇ ಇದ್ದಾಳೆ, ಕೋಪದಲ್ಲಿದ್ದಾಳೆ ಅಂತ ಮಾತ್ರ ಇದೆ. ಇಡೀ ಸಾಲಿನ ಹುಡುಗಿಯರೆಲ್ಲ ಕುರ್ಚಿ ಎಳ್ಕೊಂಡು ನನ್ನ ಸುತ್ತ ಸೇರಿದರು. ಎಲ್ಲರಿಗೂ ಅರ್ಥ ಆಗಿದೆ, ನೇರವಾಗಿ ಕೇಳೋ ಹಾಗಿಲ್ಲ! ನಿಯಮದ ಪ್ರಕಾರ ನಾಲ್ಕು ಆಯ್ಕೆ ಕೊಟ್ಟು ಕಳಿಸಿದೆ: ಒಂದು, ವಸ್ತು. ಎರಡು, ಪ್ರಾಣಿ. ಮೂರು, ಮನುಷ್ಯರು. ನಾಲ್ಕು, ಹೇಳಲಾಗದು. ಮನುಷ್ಯರಾದರೆ ಅಕಸ್ಮಾತ್ತೋ, ಬೇಕಂತಲೋ ಅದನ್ನೂ ತಿಳಿಸಿ ಅಂದೆ.

ಮಾರನೇ ದಿನ ಉತ್ತರ ಬಂತು: "ಮೂರು. ಅಕಸ್ಮಾತ್ತೋ ಬೇಕಂತಲೋ ಎಂಬುದರಲ್ಲಿ ದಂಪತಿಗೆ ಭಿನ್ನಾಭಿಪ್ರಾಯವಿದೆ."

ಕುರ್ಚಿಯ ಮೊಳೆ

ಇದ್ಯಾವುದೂ ಮಾವನಿಗೆ ಗೊತ್ತಿರಲಿಲ್ಲ. ಬಂದವರಿಗೆಲ್ಲ, ನಮ್ಮ ಸೊಸೆ ಅಮೆರಿಕದವರ ಲೆಕ್ಕ ನೋಡ್ತಾಳೆ ಅಂತ ಹೇಳ್ಕೊಂಡು ಬೀಗ್ತಿದ್ದರು. ನಾನೂ ಹೂಂ ಅಂತಿದ್ದೆ.

ಮಾವನಿಗೆ ಕೆಳಗಿನ ಮನೆಯ ಬೆಕ್ಕಿನ ಮೇಲೆ ಬಲು ಪ್ರೀತಿ. ಪಂಚೆ ಉಟ್ಟು ಬಾಲ್ಕನಿಯ ಕುರ್ಚಿಯಲ್ಲಿ ಕೂತರೆ ಅದು ಬಂದು ಮಡಿಲಲ್ಲಿ ಮಲಗಬೇಕು. ಒಂದು ಭಾನುವಾರ ಮಧ್ಯಾಹ್ನ ಬಾಲ್ಕನಿಯಿಂದ ಕೇಳಿದ ಕೂಗಿಗೆ ನಾನೂ ಅತ್ತೆಯೂ ಓಡಿದೆವು. ಮಾವ ಎದ್ದು ನಿಂತಿದ್ದಾರೆ, ಮುಖ ಬಿಳಿಚಿಕೊಂಡಿದೆ. ಬೆಕ್ಕು ಪತ್ತೆಯಿಲ್ಲ. ಕುರ್ಚಿಯ ಮೊಳೆ ತೊಡೆಗೆ ಚುಚ್ಚಿತು ಅಂದರು. ನಮ್ಮೆಜಮಾನರು ಊರಲ್ಲಿರಲಿಲ್ಲ, ಅತ್ತೆಗೆ ಮಂಡಿ ನೋವು, ಹಾಗಾಗಿ ಆಟೋದಲ್ಲಿ ನಾನೇ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ಪಕ್ಕಕ್ಕೆ ವಾಲಿಕೊಂಡು ಕೂತಿದ್ದರು.

ಅಲ್ಲಿ ನೋಡಿದರೆ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಮಾವ ಪಂಚೆಯ ಅಂಚು ಬಿಗಿಯಾಗಿ ಹಿಡ್ಕೊಂಡು, ನೋಡೋದೆಲ್ಲ ಬೇಡ, ಸುಮ್ಮಾ ಒಂದು ಟಿಟಿ ಇಂಜೆಕ್ಷನ್ ಹಾಕಿ ಸಾಕು ಅಂತ ಹಟ ಹಿಡಿದರು. ಆಕೆ ಎಷ್ಟು ಹೇಳಿದರೂ ಕೇಳಲಿಲ್ಲ. ಸರಿ ಅಂತ ಆಕೆ ಸಿರಿಂಜಿಗೆ ಕೈ ಹಾಕಿದರು.

ಮೊಳೆಯಾದರೆ ಟಿಟಿ ಸಾಕು. ಬೆಕ್ಕಾಗಿದ್ದರೆ? ರೇಬಿಸ್ ಅಂಟಿದರೆ ಮನುಷ್ಯ ಉಳಿಯಲ್ಲ. ಆದರೆ ಸೊಸೆಯಾಗಿ ಕೇಳೋ ಮಾತಾ ಅದು? ಕೇಳಿದರೆ ನನ್ನ ಕೆಲಸದ ಗುಟ್ಟೂ ಬಯಲು. ಕೆಲಸ ಹೋದರೆ ಹೋಗಲಿ, ಮಾವ ಉಳಿಯಲಿ ಅಂತ ಕಣ್ಣು ಮುಚ್ಚಿಕೊಂಡು ಬಾಯಿ ಬಿಟ್ಟೆ.

"ಮಾವ, ನೀವು ಏನೂ ಹೇಳೋದು ಬೇಡ, ಬೆರಳು ತೋರಿಸಿ ಸಾಕು. ಒಂದು, ವಸ್ತು. ಎರಡು, ಪ್ರಾಣಿ. ಮೂರು, ಮನುಷ್ಯರು. ನಾಲ್ಕು, ಹೇಳಲಾಗದು."

ಮಾವ ಮುಖ ಮೇಲೆತ್ತಿ ಫ್ಯಾನು ನೋಡಿದರು. ಆಮೇಲೆ ಎರಡು ಬೆರಳು ಎತ್ತಿದರು.

"ಜಾಗ. ಒಂದು, ತೊಡೆ. ಎರಡು, ತೊಡೆ ಅಲ್ಲ."

ಮತ್ತೆ ಎರಡೇ ಬೆರಳು. ಡಾಕ್ಟರಮ್ಮ ಸಿರಿಂಜು ಕೆಳಗಿಟ್ಟು, ನನ್ನನ್ನು ಆಚೆ ಕಳಿಸಿ, ಪಕ್ಕದ ಕೋಣೆಯಿಂದ ಗಂಡಸು ಡಾಕ್ಟರನ್ನು ಕರೆದರು. ಗಾಯ ತೊಳೆದು, ರೇಬಿಸ್ ಲಸಿಕೆ ಶುರು ಮಾಡಿದರು.

ವಾಪಸ್ ಬರುವಾಗ ಆಟೋದಲ್ಲಿ ಮಾವ ಕೇಳಿದರು, ಹೀಗೆ ಕೇಳೋದನ್ನು ಎಲ್ಲಿ ಕಲಿತೆ ಅಂತ. ಇನ್ನು ಮುಚ್ಚಿಟ್ಟು ಏನು ಮಾಡೋದು? ನಾಯಿ, ಗಿಳಿ, ಆ ದಂಪತಿ, ಎಲ್ಲ ಹೇಳಿಬಿಟ್ಟೆ. ನಾಳೆಯಿಂದ ಮನೆಯಲ್ಲೇ ಇರು ಅನ್ನೋ ಮಾತಿಗೆ ಕಾದು ಕೂತೆ.

"ಬೆಕ್ಕಿಗೂ ನಂಬರ್ ಇದೆಯಾ?" ಅಂದರು.

"ಬೇರೆಯೇ ಇದೆ, ಮಾವ."

"ಹಾಗಾದ್ರೆ ನಾನೇ ಮೊದಲನೆಯವನಲ್ಲ." ಅವರ ಮುಖಕ್ಕೆ ಕಳೆ ಬಂತು. ನೇರವಾಗಿ ಕೂರೋಕೆ ಹೋಗಿ, ನೋವಾಗಿ ಮತ್ತೆ ವಾಲಿದರು. "ಒಳ್ಳೇ ಕೆಲಸವೇ ಮಾಡ್ತಿದೀಯಮ್ಮ. ಬಿಡಬೇಡ."

ಬಾಗಿಲಲ್ಲೇ ಅತ್ತೆ ಕಾಯ್ತಿದ್ದರು. ಡಾಕ್ಟರು ಏನಂದರು, ಮೊಳೆ ಎಲ್ಲಿಗೆ ಚುಚ್ಚಿತ್ತು ಅಂತ ನನ್ನನ್ನು ಕೇಳಿದರು. ನಾನು ಮಾವನ ಮುಖ ನೋಡಿದೆ. ಮಾವ ಗಂಭೀರವಾಗಿ ನಾಲ್ಕು ಬೆರಳು ಎತ್ತಿ ತೋರಿಸಿ ಒಳಗೆ ಹೋದರು.

ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ, ನಾಲ್ಕು ಕಡೆಗಾ?"