ಒಂಟಿ ಜೋಡು

ಸ್ತೊಯಿಮೆನ್ ಮೇಷ್ಟ್ರು ಮಾಡಿದ ತಪ್ಪು ಇಷ್ಟೇ: ಸಂಜೆ ಸಭಾಂಗಣದಲ್ಲಿ ಇಡೀ ಊರಿನ ಮುಂದೆ ಓದಬೇಕಿದ್ದ, ತಾವೇ ಬರೆದ ಊರಿನ ಇತಿಹಾಸದ ಅಧ್ಯಾಯವನ್ನು ಬೆಳಿಗ್ಗೆಯೇ ಪೆನ್ಕಾಳ ಕಾಫಿ ಅಂಗಡಿಯಲ್ಲಿ ಗಟ್ಟಿಯಾಗಿ ಓದಿಬಿಟ್ಟರು. ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿದ ಗಂಟಲು, ನಿವೃತ್ತಿಯಾದ ಮೇಲೂ ಸುಮ್ಮನಿರಲಿಲ್ಲ.

ಬಾಲ್ಕನ್ ಬೆಟ್ಟದ ಕೆಳಗಿನ ಕ್ರುಶಕಾ ಊರಿಗೆ ಅಜ್ಜಂದಿರ ಕಾಲದಲ್ಲೊಮ್ಮೆ ದರೋಡೆಕೋರರು ಬಂದಿದ್ದರು. ಊರ ಗಂಡಸರು ಸೇತುವೆಯ ಹತ್ತಿರ ನಿಂತು ಅವರನ್ನು ಓಡಿಸಿದರೆಂಬುದು ಊರಿನ ಹೆಮ್ಮೆ. ಆದರೆ ಮಾರನೆಯ ಬೆಳಿಗ್ಗೆ ಕಾಡಿನ ದಾರಿಯಲ್ಲಿ ಗಂಡಸಿನ ಒಂಟಿ ಜೋಡು ಬಿದ್ದಿತ್ತು. ಯಾರೋ ಒಬ್ಬ ಪರಾರಿಯಾಗಿದ್ದ! ಪಕ್ಕದ ಊರಿನವರು ಇಂದಿಗೂ ಸಂತೆಯಲ್ಲಿ ಕ್ರುಶಕಾದವರನ್ನು ಕಂಡರೆ, "ಇನ್ನೊಂದು ಕಾಲಿಂದು ಸಿಕ್ತೇನ್ರೋ?" ಎಂದು ಕೆಣಕುತ್ತಾರೆ. ಮೇಷ್ಟ್ರು ವರ್ಷಗಟ್ಟಲೆ ತಲೆ ಕೆರೆದುಕೊಂಡು, ಆ ಜೋಡು ಗಂಚೊನ ಅಜ್ಜನದು ಎಂದು ತೀರ್ಮಾನಿಸಿ ಬರೆದಿದ್ದರು. ಗಂಚೊ ಈಗ ಊರಿನ ಅಧ್ಯಕ್ಷ.

ಮೇಷ್ಟ್ರ ಕಾಫಿ ಆರುವ ಮೊದಲೇ ಗಂಚೊ ಬಾಗಿಲಲ್ಲಿದ್ದ, ಮುಖ ಸುಟ್ಟ ಮೆಣಸಿನಕಾಯಿಯಂತೆ.

"ಮೇಷ್ಟ್ರೆ, ನಮ್ಮಜ್ಜ ಓಡಿದ್ದನ್ನ ನೀವು ಕಂಡಿದ್ರಾ?"

"ಕಂಡಿಲ್ಲಪ್ಪ. ಊಹೆ..."

"ನನಗೂ ಒಂದು ಊಹೆ ಇದೆ. ಸಭಾಂಗಣದ ಬೀಗದ ಕೈ ಕಳೆದುಹೋಗುತ್ತೆ ಅಂತ."

ಮೇಷ್ಟ್ರು ಅಲ್ಲೇ ಪೆನ್ನು ತೆಗೆದು ಜೋಡನ್ನು ಪೆನ್ಕಾಳ ಅಜ್ಜನ ಕಾಲಿಗೆ ದಾಟಿಸಿದರು. ಹೆಗಲ ಮೇಲಿಂದ ಇಣುಕುತ್ತಿದ್ದ ಪೆನ್ಕಾ ಅರ್ಧ ಕುಡಿದ ಬಟ್ಟಲನ್ನು ಎತ್ತಿಕೊಂಡಳು. "ಅಂಗಡಿ ಮುಚ್ತು. ಇತಿಹಾಸಕಾರರಿಗೆ ಮಾತ್ರ!"

ಜೋಡು ಪಾದ್ರಿ ಮೆತೊದಿಯವರ ಅಜ್ಜನ ಕಾಲಿಗೆ ಹೋಯಿತು. ಪಾದ್ರಿ ದಾರಿಯಲ್ಲೇ ಅಡ್ಡಗಟ್ಟಿ ಮೆಲ್ಲಗೆ ಅಂದರು: "ಬರೀರಿ, ಬರೀರಿ. ಕೊನೆಗೆ ನಿಮ್ಮನ್ನ ಮಣ್ಣು ಮಾಡೋನು ನಾನೇ ಅನ್ನೋದು ಜ್ಞಾಪಕ ಇರಲಿ."

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಮನೆ ಮುಂದೆ ಜಾತಕ ಕೇಳುವವರ ಹಾಗೆ ಸಾಲು. ಜೋಡು ಬೇಡ ಅಂದರೆ ಸಾಲದು, ಈಗ ಎಲ್ಲರಿಗೂ ಶೌರ್ಯ ಬೇಕಿತ್ತು. ಒಬ್ಬರ ಅಜ್ಜ ಚರ್ಚಿನ ಗಂಟೆ ಹೊಡೆದ, ಇನ್ನೊಬ್ಬರ ಅಜ್ಜ ಗುಂಡಿಗೆ ಎದೆ ಕೊಟ್ಟ. ಊರಿಗೇ ಹಿರಿಯಳಾದ ಯಾನಾ ಅಜ್ಜಿ ಉಪ್ಪಿನಕಾಯಿ ಭರಣಿ ಹಿಡಿದು ಕೋಲೂರಿಕೊಂಡು ಬಂದಳು. "ನಮ್ಮಪ್ಪನ್ನ ಒಂಚೂರು ಮುಂದೆ ನಿಲ್ಸಿ ಮೇಷ್ಟ್ರೆ." ನಿಲ್ಲಿಸಿದರು, ಎಲ್ಲರಿಗಿಂತ ಮುಂದೆ.

ಕೊನೆಗೆ ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕಾಡಿನ ದಾರಿಯಲ್ಲಿ ಜೋಡೊಂದೇ ಅನಾಥವಾಗಿ ಬಿದ್ದಿತ್ತು. ಮೇಷ್ಟ್ರು ಒಂದು ಹೆಸರು ಬರೆದರು: ವೆಲ್ಕೊ. ತಮ್ಮ ಸ್ವಂತ ಅಜ್ಜ.

ಹೆಂಡತಿ ರಾದ್ಕಾ ಓದಿ ಬೆಚ್ಚಿದಳು. "ನಿಮ್ಮಜ್ಜನ್ನೇ?"

"ಅವನ ಪರವಾಗಿ ಜಗಳಕ್ಕೆ ಬರೋರು ಯಾರೂ ಇಲ್ವಲ್ಲೇ."

"ನೀವಿದ್ರಿ," ಅಂದು ಅವಳು ಒಳಗೆ ಹೋದಳು.

ಸಂಜೆ ಸಭಾಂಗಣ ತುಂಬಿತ್ತು. ಪ್ರತಿ ಹೆಸರಿಗೂ ಚಪ್ಪಾಳೆ ಬಿತ್ತು. ಜೋಡಿನ ಮಾತು ಬಂದಾಗ ಮೇಷ್ಟ್ರ ದನಿ ಸಣ್ಣದಾಯಿತು. ಜನರ ನಗು ದೊಡ್ಡದಾಯಿತು. ಗಂಚೊ ಬೆನ್ನು ತಟ್ಟಿದ: "ಬಿಡಿ ಮೇಷ್ಟ್ರೆ, ಹೇಡಿತನ ರಕ್ತದಲ್ಲೇ ಬರುತ್ತೆ ಅಂತ ನಾವೇನೂ ಅನ್ಕೊಳ್ಳಲ್ಲ." ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದೂ ಬಿಡಲಿಲ್ಲ.

ಎಲ್ಲರೂ ರಕಿಯಾ ಕುಡಿಯಲು ಹೊರಟ ಮೇಲೆ ಯಾನಾ ಅಜ್ಜಿ ಅವರ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು.

"ಆ ರಾತ್ರಿ ನಾನು ನಮ್ಮಪ್ಪನ ಹೆಗಲ ಮೇಲಿದ್ದೆ ಕಣಪ್ಪ. ಊರಿಗೆ ಊರೇ ಕಾಡಿಗೆ ಓಡ್ತು. ಮಿಕ್ಕವರೆಲ್ಲ ಬರಿಗಾಲಲ್ಲೇ ಓಡಿದ್ರು. ಜೋಡು ಮೆಟ್ಕೊಂಡು ಹೊರಟೋನು ನಮ್ಮಪ್ಪ ಒಬ್ಬನೇ."

"ಹಾಗಾದ್ರೆ ಸೇತುವೆ ಹತ್ರ?"

"ನಿಮ್ಮಜ್ಜ ವೆಲ್ಕೊ. ಅವನೊಬ್ಬನೇ. ಕತ್ತಲಲ್ಲಿ ತಾಮ್ರದ ಹಂಡೆ ಬಡೀತಾ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿದ. 'ನೀನು ಎಡಗಡೆ ಬಾ, ನೀನು ಬಂದೂಕು ತುಂಬು' ಅಂತ. ಕಾಡಿನವರೆಗೂ ಕೇಳಿಸ್ತಿತ್ತು. ಕಳ್ಳರು ಊರೆಲ್ಲ ಎದ್ದು ನಿಂತಿದೆ ಅಂದ್ಕೊಂಡು ಓಡಿದ್ರು. ಬೆಳಿಗ್ಗೆ ನಾವು ತಲೆ ತಗ್ಗಿಸ್ಕೊಂಡು ವಾಪಸ್ ಬಂದ್ರೆ, 'ಎಲ್ಲರೂ ಇದ್ರಿ ಬಿಡ್ರೋ, ನಾನೇ ಕರೆದ್ನಲ್ಲ' ಅಂದ. ಸಾಯೋವರೆಗೂ ಅದನ್ನೇ ಹೇಳ್ದ."

"ಅಜ್ಜಿ, ಇದನ್ನ ಆಗಲೇ ಎಲ್ಲರ ಮುಂದೆ ಯಾಕೆ ಹೇಳ್ಲಿಲ್ಲ?"

ಅಜ್ಜಿ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. "ಹೇಳ್ಬೇಕು ಅಂತ ಎದ್ದಿದ್ದೆ. ಅಷ್ಟರಲ್ಲಿ ನೀವು ನಮ್ಮಪ್ಪನ ಹೆಸರು ಓದಿದ್ರಿ. ಜನ ಚಪ್ಪಾಳೆ ಹೊಡೆದ್ರು. ಪಾಪ, ಆ ಮನುಷ್ಯನಿಗೆ ಬದುಕಿದ್ದಾಗ ಯಾರೂ ಹೊಡೆದಿರಲಿಲ್ಲ."

ಅಜ್ಜಿ ಮೇಷ್ಟ್ರ ಮೊಣಕೈಯನ್ನು ಮೆಲ್ಲಗೆ ತಿವಿದಳು.

"ಕಿವಿ ಸರಿಯಾಗಿ ಕೇಳ್ಸಲ್ಲ ನನಗೆ. ನಮ್ಮಪ್ಪನ ಭಾಗ ಇನ್ನೊಂದ್ಸಲ ಓದ್ತೀರಾ?"

ಮೇಷ್ಟ್ರು ಕನ್ನಡಕ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು, ಗಟ್ಟಿಯಾಗಿ ಓದಿದರು.