ತಂತಿ ಏಳು, ಸರಿಯಿದೆ

ಹತ್ತನೇ ತರಗತಿ ಓದಿ, ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಮೂವತ್ತು ವರ್ಷ ಕೂತವನಿಗೆ ಕಂಪ್ಯೂಟರ್ ರಿಪೇರಿ ಒಂದು ವಿದ್ಯೆಯೇ? ತಮ್ಮ ಮಾಡಿದ ಯಂತ್ರ ಅಣ್ಣನ ಮಾತು ಕೇಳದೆ ಎಲ್ಲಿಗೆ ಹೋಗುತ್ತದೆ? ಈ ದೃಢ ನಂಬಿಕೆಯಿಂದಲೇ ಆ ಬೆಳಿಗ್ಗೆ ಕಲ್ಯಾಣದುರ್ಗಕ್ಕೆ ಹೊರಟೆ.

ಯಂತ್ರ ನನ್ನ ತಮ್ಮ ರುದ್ರೇಶನದು. ಕಲ್ಯಾಣದುರ್ಗದಲ್ಲಿ ಅವನದು ಮೋಟರ್ ವೈಂಡಿಂಗ್ ಅಂಗಡಿ. ಮನೆಯ ಹಿಂದೆ ಅವನ ಹೆಂಡತಿ ಗಿರಿಜ ರೇಷ್ಮೆ ಹುಳು ಸಾಕುತ್ತಾಳೆ. ಹುಳುವಿಗೆ ಸೆಕೆಯಾಗಬಾರದೆಂದು ಅವನು ಇಸ್ಪೀಟು ಕಟ್ಟಿನಷ್ಟು ಗಾತ್ರದ ಕಂಪ್ಯೂಟರ್ ಬೋರ್ಡು ತಂದು, ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಶಾಖ ಅಳೆಯುವ ಸೆನ್ಸರ್ ಜೋಡಿಸಿದ್ದ. ಸೆಕೆ ಏರಿದರೆ ತುಂತುರು ನೀರಿನ ಪಂಪು ತಾನೇ ಓಡುತ್ತಿತ್ತು. ನಾಲ್ಕು ತಿಂಗಳ ಹಿಂದೆ ರುದ್ರೇಶ ಅಂಗಡಿಯಲ್ಲಿ ಕೂತವನು ಕೂತ ಹಾಗೇ ಹೋಗಿಬಿಟ್ಟ.

ಅಂದಿನಿಂದ ನಾನು ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಅಷ್ಟರಲ್ಲಿ ಗಿರಿಜಳ ಫೋನು ಬಂತು.

“ಬಾವ, ಹುಳ ಮೂರನೇ ಜ್ವರ ಎದ್ದವೆ. ಬಿಸ್ಲು ನೋಡಿದ್ರೆ ಹಿಂಗೈತೆ. ಅವ್ರ ಮಿಷಿನ್ನು ಒಂದೀಟು ಓಡೋ ಹಂಗೆ ಮಾಡ್ಕೊಡ್ತೀರಾ?”

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ.

“ಬತ್ತೀನಿ ಕಣಮ್ಮ!” ಎಂದೆ. ಹೇಗೆ ಮಾಡುತ್ತೀರಿ ಎಂದು ಅವಳು ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಯಂತ್ರ ನಿಂತದ್ದು ಯಾರಿಂದ ಎಂಬುದನ್ನು ಇಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳಬೇಕು. ನನ್ನಿಂದ. ತಿಥಿಯ ಮುನ್ನಾದಿನ ಮನೆ ತೊಳೆದು ಸುಣ್ಣ ಬಳಿಯುವಾಗ, ಬೋರ್ಡಿಗೆ ನೀರು ತಾಗದಿರಲಿ ಎಂದು ತಂತಿಗಳನ್ನೆಲ್ಲ ಕಿತ್ತವನು ನಾನು. ಮಂಡಿಯ ಶಿಸ್ತು ನೋಡಿ! ಸುತಲಿ ದಾರದಲ್ಲಿ ಕಟ್ಟಿ, ಚೀಟಿ ಬರೆದು ಸಿಕ್ಕಿಸಿದ್ದೆ: ‘ತಂತಿ ಏಳು, ಸರಿಯಿದೆ.’ ಯಾವ ತಂತಿ ಎಲ್ಲಿತ್ತೆಂದು ಬರೆದಿರಲಿಲ್ಲ. ಅದನ್ನು ರುದ್ರೇಶ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಸಮೇತ ಬರೆದಿಟ್ಟಿದ್ದ. ಆ ಗೋಡೆಗೆ ಎರಡು ಕೋಟು ಸುಣ್ಣ ಹೊಡೆಸಿದವನೂ ನಾನೇ. ಒಂದು ಕೋಟು ಸಾಕು ಎಂದ ಸುಣ್ಣದವನನ್ನು ಬೈದಿದ್ದೆ!

ಹೋದ ಕೂಡಲೇ ಗಿರಿಜ ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಸ್ಕ್ರೂಡ್ರೈವರ್ ಕೇಳಿದೆ. ಎಲ್ಲೋ ಇಟ್ಟಿದ್ದೀನಿ, ಸಿಗುತ್ತಿಲ್ಲ ಎಂದಳು. ಹುಳು ಮನೆಯೊಳಕ್ಕೂ ಬಿಡಲಿಲ್ಲ.

“ನಿಮ್ ಮೈಮ್ಯಾಲೆ ಹುಣಸೆ ಘಾಟೈತೆ ಬಾವ, ಹುಳಕ್ಕಾಗಲ್ಲ. ಆಚೆ ರೂಮ್ನಾಗೇ ಕೂತ್ಕಳಿ.”

ಬೋರ್ಡು ಇದ್ದದ್ದೂ ಅಲ್ಲಿಯೇ. ಹಳೆಯ ಟೀವಿಗೆ ಸಿಕ್ಕಿಸಿದೆ. ಕಪ್ಪು ಪರದೆ, ಬಿಳಿ ಅಕ್ಷರ. ನನ್ನ ಫೋನಿನ ವೀಡಿಯೊದಲ್ಲಿ ತೆಲುಗು ಮಾಸ್ತರೊಬ್ಬರು “ಚಾಲಾ ಈಜೀ ಅಂಡಿ!”, ಬಲು ಸುಲಭ ಕಣ್ರೀ, ಎನ್ನುತ್ತಿದ್ದರು. ಬೋರ್ಡಿನ ಅಂಚಿನಲ್ಲಿ ನಲವತ್ತು ಸೂಜಿಗಳು, ಎಲ್ಲವೂ ಒಂದೇ ತಾಯಿಯ ಮಕ್ಕಳು. ಏಳು ತಂತಿಗೆ ನಲವತ್ತು ಮನೆ! ಶುಭವಾಗಲೆಂದು ಹಳದಿ ತಂತಿಯನ್ನು ಪೂರ್ವದ ಕಡೆಗೆ ಸಿಕ್ಕಿಸಿದೆ.

ಸೆನ್ಸರ್ ಹುಡುಕುವ ಆದೇಶ ಬರೆದೆ. ಅನುಮತಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ನನ್ನ ತಮ್ಮನ ಮನೆಯಲ್ಲಿ ನನಗೆ ಅನುಮತಿ ಇಲ್ಲವೇ! ಆದೇಶದ ಮೊದಲಿಗೆ ‘ಸುಡೋ’ ಸೇರಿಸಿದರೆ ಯಜಮಾನನ ಅಧಿಕಾರ ಸಿಗುತ್ತದೆ ಎಂದರು ಮಾಸ್ತರು. ಸೇರಿಸಿದೆ. ಪಾಸ್‌ವರ್ಡ್ ಕೇಳಿತು.

“ಗಿರಿಜಾ, ಪಾಸ್‌ವರ್ಡ್ ಏನಮ್ಮ?”

ಒಳಗೆ ಹಿಪ್ಪುನೇರಳೆ ಸೊಪ್ಪು ಹರಡುವ ಸದ್ದು ನಿಂತಿತು. ಆಮೇಲೆ, “ನನ್ ಹೆಸ್ರೇ ಬಾವ.”

ಪರದೆಯ ತುಂಬ ಒಂದು ಕೋಷ್ಟಕ ಬಂತು. ಬರೀ ಅಡ್ಡಗೆರೆ. ಸೆನ್ಸರ್ ಸಿಕ್ಕಿದ್ದರೆ ಗೆರೆಗಳ ನಡುವೆ ಅದರ ವಿಳಾಸದ ಸಂಖ್ಯೆ ಕಾಣಬೇಕು. ತಂತಿ ಬದಲಿಸಿದೆ. ಗೆರೆ. ಎದ್ದೆ, ಕೂತೆ, ಮತ್ತೆ ಬದಲಿಸಿದೆ. ಗೆರೆ. ಇನ್ನೊಂದನ್ನು ಬದಲಿಸಿದೆ. ಏನೋ ಟಕ್ ಎಂದಿತು. ಒಳಗೆ ಪಂಪು ಓಡತೊಡಗಿತು. ಗೆದ್ದೆ!

“ಬಾವಾ! ನಿಲ್ಸಿ! ನಿಲ್ಸ್‌ಬುಡಿ!”

ನಿಲ್ಲಿಸುವುದು ಹೇಗೆಂದು ಮಾಸ್ತರು ಹೇಳುವುದರಲ್ಲಿದ್ದರು. ಜಾಹೀರಾತು ಬಂತು.

ಗಿರಿಜ ಓಡಿ ಬಂದು ಮೇನ್ ಸ್ವಿಚ್ಚು ಆರಿಸಿದಳು. ಅವಳ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸೊಪ್ಪೆಲ್ಲ ನೆಂದೋಯ್ತು! ನೆಂದಿದ್ ಸೊಪ್ಪು ತಿಂದ್ರೆ ಹುಳ ಉಳೀತಾವಾ? ಅವ್ರು ಹೋದ್ ಮ್ಯಾಲೆ ಇದೇ ಮೊದ್ಲನೇ ಬೆಳೆ ಬಾವ.” ಬುಟ್ಟಿ ಎತ್ತಿಕೊಂಡು ಬೇರೆ ಸೊಪ್ಪಿಗೆ ತೋಟಕ್ಕೆ ಓಡಿದಳು.

ನನ್ನ ಹೆಂಡತಿ ಪಾರ್ವತಿಗೆ ಫೋನ್ ಮಾಡಿದೆ.

“ಏನ್ ಮಾಡುದ್ರಿ?” ಏನಾಯಿತು ಎಂದು ಕೇಳಲಿಲ್ಲ, ಗಮನಿಸಿ.

“ತಂತಿ ಎಲ್ಲಿಗೆ ಹಾಕ್ಬೇಕು ಅಂತ ಗೊತ್ತಾಯ್ತಿಲ್ಲ ಕಣೆ. ಗೋಡೆ ಮ್ಯಾಲೆ ಬರ್ದಿದ್ದ.”

“ಸುಣ್ಣ ಹೊಡ್ಸಿದ್ ಪುಣ್ಯಾತ್ಮರು ಯಾರು?”

“ಅದಿರ್ಲಿ...”

“ರುದ್ರೇಶ ಒಂದೇ ಕಡೆ ಬರ್ದು ಸುಮ್ಕಿರೋ ಆಸಾಮಿ ಅಲ್ಲ. ಆ ಕಂಪ್ಯೂಟರ್ ಡಬ್ಬದೊಳ್ಗೂ ನೋಡಿ.”

ತಂತಿಗಳನ್ನೆಲ್ಲ ಕಿತ್ತು, ಸ್ವಿಚ್ಚು ಹಾಕಿ, ಅವನು ಬರೆದ ಪ್ರೋಗ್ರಾಂ ತೆರೆದೆ. ನಡುನಡುವೆ ಹ್ಯಾಶ್ ಗುರುತಿನ ಸಾಲುಗಳಿದ್ದವು. ಅವನ್ನು ಯಂತ್ರ ಓದುವುದಿಲ್ಲವಂತೆ, ಮನುಷ್ಯರಿಗಾಗಿ ಬರೆಯುವುದಂತೆ. ಕನ್ನಡದಲ್ಲೇ ಇದ್ದವು.

‘# ಸೆನ್ಸರ್: ಕೆಂಪು ಒಂದನೇ ಪಿನ್ನು. ನೀಲಿ ಮೂರು. ಹಳದಿ ಐದು. ಕಪ್ಪು ಆರು.’

ಪಂಪಿನ ಮೂರು ತಂತಿಗಳೂ ಅದರ ಕೆಳಗೇ ಇದ್ದವು. ಅದಾದ ಮೇಲೆ:

‘# ಗಿರಿಜ, ನಾನು ಊರಲ್ಲಿ ಇಲ್ಲದಾಗ ಅಣ್ಣ ಬಂದರೆ ಮಜ್ಜಿಗೆ ಕೊಡು. ಸ್ಕ್ರೂಡ್ರೈವರ್ ಕೊಡಬೇಡ.’

ಪಕ್ಕದಲ್ಲಿ ಮಜ್ಜಿಗೆಯ ಚೊಂಬು ಖಾಲಿಯಾಗಿ ಕೂತಿತ್ತು. ನಕ್ಕೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕಿದ್ದರಿಂದ ಶಬ್ದ ಸರಿಯಾಗಿ ಬರಲಿಲ್ಲ.

ಕರೆಂಟು ತೆಗೆದು, ಅವನು ಹೇಳಿದಂತೆಯೇ ತಂತಿ ಸಿಕ್ಕಿಸಿ, ಮತ್ತೆ ಹುಡುಕಿದೆ. ಗೆರೆಗಳ ನಡುವೆ ಒಂದೇ ಒಂದು ಸಂಖ್ಯೆ: 44. ಸೆನ್ಸರ್ ಇದ್ದಲ್ಲೇ ಇತ್ತು. ನಾನು ತಟ್ಟಿದ ಬಾಗಿಲು ತಪ್ಪಾಗಿತ್ತು.

ಸಂಭ್ರಮದಲ್ಲಿ ಪ್ರೋಗ್ರಾಮಿನ ಕೊನೆಯವರೆಗೂ ಓದಿದೆ.

‘# ಇದು ಯಾವುದೂ ಆಗದಿದ್ದರೆ ಕಿಟಕಿ ತೆಗೆದು ಒದ್ದೆ ಗೋಣಿ ಕಟ್ಟು. ಅಣ್ಣನ ಎದುರಿಗೆ ಬೇಡ, ಎಣಿಸುತ್ತಾನೆ.’

ಗಿರಿಜ ಸೊಪ್ಪು ಹೊತ್ತು ಬಂದಳು. “ಗೋಣಿ ಕಟ್ಬೇಕಂತಲ್ಲಮ್ಮ!” ಎಂದೆ.

“ಬೆಳಗ್ಗೇನೇ ಕಟ್ಟಿದೀನಿ ಬಾವ.”

“ಮತ್ತೆ ನನ್ನ ಯಾಕೆ ಕರ್ಸಿದೆ?”

ಅವಳು ಬುಟ್ಟಿ ಇಳಿಸಿದಳು. “ಪಾರ್ವತಕ್ಕ ಫೋನ್ ಮಾಡಿದ್ರು. ನಿಮ್ ಬಾವ ಒಂದೇ ಮೂಟೇನ ನಾಕ್ ನಾಕ್ ಸಲ ತೂಗ್ತಾವ್ರೆ, ಒಂದ್ ಕಡೆ ಕೂರ್ತಿಲ್ಲ, ನಿನ್ ತಾವ ಏನಾರಾ ಕೆಲ್ಸ ಐತಾ ಅಂದ್ರು. ಕೆಟ್ಟಿರೋ ಮಿಷಿನ್ ಒಂದೈತಲ್ಲ ಅಂದೆ. ಓಡ್ತದೆ ಅಂತ ನಾನೂ ಅನ್ಕಂಡಿರ್ಲಿಲ್ಲ.”

ಪರದೆಯ ಮೇಲೆ ತನ್ನ ಹೆಸರಿದ್ದ ಸಾಲು ಓದಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಖ ಹೇಗೂ ನೆಂದೇ ಇತ್ತು.

ಸೊಪ್ಪು ಬದಲಿಸಿದ ಮೇಲೆ ಬಾಗಿಲಲ್ಲಿ ನಿಂತು ನೋಡಲು ಅಪ್ಪಣೆ ಸಿಕ್ಕಿತು. ಹುಳುಗಳು ಚರಚರ ತಿನ್ನುತ್ತಿದ್ದವು. ಕಿಟಕಿಗಳಲ್ಲಿ ನನ್ನದೇ ಮಂಡಿಯ ಗೋಣಿಗಳು ತೊಟ್ಟಿಕ್ಕುತ್ತಿದ್ದವು.

ಹೊರಡುವ ಮುಂಚೆ ಪೆನ್ಸಿಲು ಹಿಡಿದು, ಹೊಸ ಸುಣ್ಣದ ಮೇಲೆ ಯಾವ ತಂತಿ ಎಲ್ಲಿಗೆ ಎಂದು ತಮ್ಮ ಬರೆದಂತೆಯೇ ಒಂದೊಂದಾಗಿ ಬರೆದಿಟ್ಟೆ. ಬರೆದು ಮುಗಿಸಿ ಹಿಂದೆ ಸರಿದು ನೋಡಿದರೆ, ಕೆಳಗೆ ನನ್ನದೇ ಅಕ್ಷರದಲ್ಲಿ ಇನ್ನೊಂದು ಸಾಲು:

‘ಗೋಣಿ ಆರು, ಸರಿಯಿದೆ.’